ಗಿಂಡಿಯೂ ಗಿಣಿಮೂತಿಯೂ

ನನ್ನ ಜೀವನದ ಮೊದಲ ಟೀಪಾಟನ್ನು ನಾನು ಕಂಡದ್ದು ಇಂಜಿನಿಯರಿಂಗ್ ಆರನೇ ಸೆಮಿಸ್ಟರಿನಲ್ಲಿ, ಅದೂ ಕಂಪ್ಯೂಟರ್ ಪರದೆಯ ಮೇಲೆ. ನಮ್ಮ ಶ್ರೀನಿವಾಸಪುರದ ಕಡೆ ಟೀ ಪಾತ್ರೆಯಲ್ಲಿ ಕುದಿಯುತ್ತದೆ, ಸೋಸಿಕೊಂಡು ಲೋಟಕ್ಕೆ ಬೀಳುತ್ತದೆ. ಈ ಎರಡರ ನಡುವೆ ಮೂತಿ, ಹಿಡಿ, ಮುಚ್ಚಳ ಎಲ್ಲ ಇಟ್ಟುಕೊಂಡ ಪಿಂಗಾಣಿಯ ಮಧ್ಯವರ್ತಿಯೊಬ್ಬ ಬಂದು ಕೂರುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬಿನ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಮೇಜಿನ ಮೇಲೆ ಟೀಪಾಟ್ ಇರುವ ದೃಶ್ಯ ಬರೆಯಿರಿ, ಬೆಳಕಿನ ಜಾಗ ಮತ್ತು ಗುಣ ಸರಿಯಾಗಿ ಗೊತ್ತುಮಾಡಿ. ಪರೀಕ್ಷೆಯ ದಿನ ಚೀಟಿ ಎತ್ತಬೇಕು. ಟೀಪಾಟ್ ಬಂದವನಿಗೆ ಅದೃಷ್ಟ, ಗೆರೆ ಕತ್ತರಿಸುವ ಲಿಯಾಂಗ್-ಬಾರ್ಸ್ಕಿ ಲೆಕ್ಕ ಬಂದವನಿಗೆ ಕೋಲಾರಮ್ಮನೇ ಗತಿ.

ಲ್ಯಾಬಿನಲ್ಲಿ ಒಂದೊಂದು ಕಂಪ್ಯೂಟರಿಗೆ ಮೂರು ಜನ. ನಮ್ಮ ಮೂವರಲ್ಲಿ ಒಬ್ಬ ಮಾಲೂರಿನವನು, ಅವರದು ಇಟ್ಟಿಗೆ ಗೂಡು. ಇನ್ನೊಬ್ಬ ಮುಳಬಾಗಿಲಿನವನು, ಅವರದು ದೋಸೆ ಹೋಟೆಲು. ಮೂರನೆಯವನು ನಾನು, ಮಾವಿನ ತೋಟದವನು. ಪರದೆಯ ಮೇಲಿನ ಜಗತ್ತೆಲ್ಲ ಸಣ್ಣ ಸಣ್ಣ ತ್ರಿಕೋನಗಳನ್ನು ಜೋಡಿಸಿ ಕಟ್ಟಿದ್ದು ಎಂದು ಮೇಡಂ ಹೇಳಿದಾಗ ಮಾಲೂರಿನವನ ಮುಖ ಅರಳಿತು. "ಅಂದರೆ ಇಟ್ಟಿಗೆ ಕೆಲಸಾನೇ ಮೇಡಂ" ಅಂದ. ವೃತ್ತ ಬರೆಯಲು ಎಂಟನೇ ಒಂದು ಭಾಗಕ್ಕೆ ಲೆಕ್ಕ ಹಾಕಿದರೆ ಸಾಕು, ಉಳಿದ ಏಳು ಭಾಗ ಅದರ ಕನ್ನಡಿ ಬಿಂಬ ಎಂದಾಗ ಮುಳಬಾಗಿಲಿನವನು ನನ್ನ ಕಿವಿಯಲ್ಲಿ, "ದೋಸೆಗೂ ಈ ಸೌಲಭ್ಯ ಇದ್ದಿದ್ದರೆ ನಮ್ಮಪ್ಪ ಇಷ್ಟೊತ್ತಿಗೆ ಬೆಂಗಳೂರಲ್ಲಿ ಮೂರು ಬ್ರಾಂಚ್ ಹಾಕಿರ್ತಿದ್ದ" ಅಂದ.

ನಮಗೆ ಕೊಟ್ಟಿದ್ದ ಗ್ಲೂಟ್ ಎಂಬ ಸಾಮಗ್ರಿಯಲ್ಲಿ ಗೋಳ, ಘನ, ಶಂಕು, ಉದ್ದಿನವಡೆ ಆಕಾರ ಎಲ್ಲವೂ ತಯಾರಾಗಿದ್ದವು. ಹನ್ನೆರಡು ಮುಖದ್ದು, ಇಪ್ಪತ್ತು ಮುಖದ್ದು ಬೇಕೆಂದರೂ ಒಂದೊಂದೇ ಸಾಲು ಬರೆದರಾಯಿತು. ಅವುಗಳ ಸಾಲಿನಲ್ಲೇ, ಮದುವೆ ಮನೆಯಲ್ಲಿ ಬೀಗರ ಪಂಕ್ತಿಗೆ ನುಗ್ಗಿದ ಅಪರಿಚಿತನಂತೆ, ಟೀಪಾಟೂ ಕೂತಿತ್ತು. "ಈ ಗಿಂಡಿಗೆ ಇಲ್ಲೇನು ಕೆಲಸ?" ಎಂದು ಮುಳಬಾಗಿಲಿನವನು ಕೇಳಿಯೇಬಿಟ್ಟ.

ಮೇಡಂ ಕಥೆ ಹೇಳಿದರು. 1975ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ನ್ಯೂಯೆಲ್ ಎಂಬ ಸಂಶೋಧಕರಿಗೆ ಕಂಪ್ಯೂಟರಿನಲ್ಲಿ ಮೂಡಿಸಿ ನೋಡಲು ಒಂದು ವಸ್ತು ಬೇಕಾಗಿತ್ತು. ತೀರ ಸರಳವೂ ಇರಬಾರದು, ತೀರ ತೊಡಕೂ ಆಗಬಾರದು. ಟೀ ಹೊತ್ತಿನಲ್ಲಿ ಹೆಂಡತಿ ಸಾಂಡ್ರಾ, ಎದುರಿಗಿದ್ದ ಟೀಪಾಟನ್ನೇ ಯಾಕೆ ಮಾಡಬಾರದು ಅಂದರು. ನ್ಯೂಯೆಲ್ ಗ್ರಾಫ್ ಕಾಗದ, ಪೆನ್ಸಿಲು ಹಿಡಿದು ಬರೆದುಕೊಂಡರು. ಅಷ್ಟೇ. ಆಮೇಲೆ ಜಗತ್ತಿನಲ್ಲಿ ಗ್ರಾಫಿಕ್ಸ್ ಕಲಿತವರೆಲ್ಲ ಆ ಮನೆಯ ಟೀಪಾಟಿಗೆ ಬೆಳಕು ಹಿಡಿದವರೇ. ಮೊದಲ ಲೆಕ್ಕದಲ್ಲಿ ಅದಕ್ಕೆ ತಳವೇ ಇರಲಿಲ್ಲವಂತೆ, ಆಮೇಲೆ ಬೇರೆಯವರು ಹಾಕಿದರಂತೆ. ತಳವಿಲ್ಲದ ಪಾತ್ರೆಯಲ್ಲಿ ಅಷ್ಟು ವರ್ಷ ಸಂಶೋಧನೆ ನಡೆಸಿದ ಧೈರ್ಯ ನನಗೆ ಹಿಡಿಸಿತು.

ಆ ದಿನ ಸಂಜೆ ಬಸ್ಸಿನ ಕಿಟಕಿಯಲ್ಲಿ ಮಾವಿನ ತೋಪುಗಳು ಓಡುತ್ತಿರುವಾಗ ಹೊಳೆಯಿತು. ಯಾರೋ ಕೂತು ಅಳೆದರು, ಅದಕ್ಕೇ ಟೀಪಾಟ್ ಇದೆ. ಗಿಣಿಮೂತಿಯನ್ನು ಯಾರೂ ಅಳೆದಿಲ್ಲ, ಅದಕ್ಕೇ ಇಲ್ಲ. ತೋತಾಪುರಿ ಎಂದು ಪೇಟೆಯವರು ಕರೆಯುವ, ತುದಿಯಲ್ಲಿ ಗಿಣಿಯ ಕೊಕ್ಕಿನಂತೆ ಬಾಗಿದ ನಮ್ಮ ಕಾಯಿ! ಮಿನಿ ಪ್ರಾಜೆಕ್ಟಿಗೆ ವಿಷಯ ಸಿಕ್ಕಿತು.

ಮೊದಲು ಸೋಮಾರಿ ದಾರಿ ಹಿಡಿದೆ. ತಯಾರಿದ್ದ ಗೋಳವನ್ನೇ ಒಂದು ಕಡೆಗೆ ಎಳೆದೆ. ಆಲೂಗಡ್ಡೆ ಬಂತು. ಇನ್ನಷ್ಟು ಎಳೆದೆ, ಕಪ್ಪಗಾಯಿತು. ಹಿಗ್ಗಿಸಿದಷ್ಟೂ ಕಪ್ಪು. ಎಷ್ಟು ಹಳದಿ ಬಳಿದರೂ ಕೊಳೆತ ಕಾಯಿಯೇ. ಎರಡು ದಿನ ಒದ್ದಾಡಿದ ಮೇಲೆ ಕಾರಣ ತಿಳಿಯಿತು. ಮೇಲ್ಮೈಯ ಒಂದೊಂದು ಬಿಂದುವಿನಲ್ಲೂ ನೆಟ್ಟಗೆ ಹೊರಕ್ಕೆ ಚಾಚಿದ ಒಂದು ಕಡ್ಡಿಯಿದೆ ಎಂದು ಗಣಿತ ಭಾವಿಸುತ್ತದೆ. ಆ ಕಡ್ಡಿಗೂ ದೀಪಕ್ಕೂ ನಡುವಿನ ಕೋನ ನೋಡಿ ಬೆಳಕೆಷ್ಟು ಎಂದು ಲೆಕ್ಕ ಹಾಕುತ್ತದೆ. ಕಡ್ಡಿಯ ಉದ್ದ ಸರಿಯಾಗಿ ಒಂದು ಇರಬೇಕು. ನಾನು ಕಾಯಿಯನ್ನು ಹಿಗ್ಗಿಸಿದಾಗ ಕಡ್ಡಿಗಳು ಕುಗ್ಗಿದ್ದವು, ಬೆಳಕೂ ಕುಗ್ಗಿತ್ತು. ಅವನ್ನು ಮತ್ತೆ ಅಳತೆಗೆ ತರಲು ಒಂದೇ ಸಾಲು ಸಾಕು. ಬರೆದೆ. ಕೊಳೆತದ್ದು ಹೋಗಿ ಫಳಫಳ ಹೊಳೆಯುವ ಹಳದಿ ಆಲೂಗಡ್ಡೆಯಾಯಿತು.

ಕೊಕ್ಕು ಬೇಕೆಂದರೆ ಬೆಜಿಯೇ ವಕ್ರರೇಖೆಗಳಿಗೇ ಶರಣು. ಪಿಯೆರ್ ಬೆಜಿಯೇ ಫ್ರಾನ್ಸಿನ ರೆನೋ ಕಾರು ಕಂಪನಿಯ ಇಂಜಿನಿಯರು. ಕಾರಿನ ಮೈಯ ನಯವಾದ ಬಾಗುಗಳನ್ನು ಗಣಿತಕ್ಕೆ ಇಳಿಸಿದವರು. ನಾಲ್ಕು ಬಿಂದು ಕೊಡಬೇಕು. ಗೆರೆ ಮೊದಲನೆಯದರಲ್ಲಿ ಹುಟ್ಟಿ ಕೊನೆಯದರಲ್ಲಿ ಮುಗಿಯುತ್ತದೆ. ನಡುವಿನ ಎರಡು ಬಿಂದುಗಳು ಗೆರೆಯನ್ನು ತಮ್ಮ ಕಡೆಗೆ ಎಳೆಯುತ್ತವೆ, ಆದರೆ ಸಾಮಾನ್ಯವಾಗಿ ಗೆರೆ ಅವನ್ನು ಮುಟ್ಟುವುದಿಲ್ಲ. ಇದು ನನಗೆ ಪುಸ್ತಕದಲ್ಲಿ ಅರ್ಥವಾಗಲಿಲ್ಲ, ಜಿಲ್ಲೆಯ ನಕ್ಷೆಯಲ್ಲಿ ಅರ್ಥವಾಯಿತು. ಮಾಲೂರಿನಲ್ಲಿ ಶುರು ಮಾಡಿ, ಕೋಲಾರ ಮತ್ತು ಶ್ರೀನಿವಾಸಪುರಗಳನ್ನು ನಡುವಿನ ಬಿಂದುಗಳಾಗಿಟ್ಟು, ಮುಳಬಾಗಿಲಿನಲ್ಲಿ ಮುಗಿಸಿ. ಗೆರೆ ಉತ್ತರಕ್ಕೆ ಬಾಗಿ, ಈಗ ನಮ್ಮೂರಿಗೆ ಬಂದೇಬಿಟ್ಟಿತು ಅನ್ನುವಷ್ಟರಲ್ಲಿ ಮುಳಬಾಗಿಲಿನ ಕಡೆ ತಿರುಗಿಬಿಡುತ್ತದೆ. ಹೆದ್ದಾರಿಯೂ ನಮಗೆ ಮಾಡಿರುವುದು ಅದನ್ನೇ. ಶ್ರೀನಿವಾಸಪುರದವರಿಗೆ ಬೆಜಿಯೇ ಗಣಿತ ಬೇರೆಯಾಗಿ ಕಲಿಸಬೇಕಿಲ್ಲ.

ಇಂಥ ಗೆರೆಗಳನ್ನು ಅಡ್ಡ ಉದ್ದ ಹೆಣೆದರೆ ಒಂದು ತೇಪೆ, ತೇಪೆಗೆ ಹದಿನಾರು ಬಿಂದು. ಅಳತೆಗೆಂದು ಏಪ್ರಿಲ್ ಕೊನೆಯಲ್ಲಿ ಮರದಿಂದ ಒಂದು ಒಳ್ಳೆಯ ಗಿಣಿಮೂತಿ ಕಿತ್ತು, ಗ್ರಾಫ್ ಹಾಳೆಯ ಮೇಲೆ ಮಲಗಿಸಿ ಸುತ್ತ ಗೆರೆ ಎಳೆದೆ. ಆಮೇಲೆ ಮಗ್ಗುಲಾಗಿಸಿ ಇನ್ನೊಂದು ಗೆರೆ. ಅಪ್ಪ ಜಗಲಿಯಿಂದ ನೋಡುತ್ತಿದ್ದರು. ಮರದಲ್ಲಿರುವ ಕಾಯನ್ನು ಕೆಳಗೆ ನಿಂತೇ ಇಷ್ಟು ಟನ್ ಎಂದು ಹೇಳಬಲ್ಲ ಮನುಷ್ಯ. ಮಗ ಒಂದೇ ಕಾಯಿಗೆ ಮೂರು ದಿನ ತೆಗೆದುಕೊಂಡದ್ದನ್ನು ಕಂಡು, ಕಾಲೇಜಿಗೆ ಕಟ್ಟಿದ ಫೀಸಿನ ಲೆಕ್ಕವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹಾಕಿದರೋ ಏನೋ.

ಕೊನೆಗೂ ಗೆಳೆಯನಿಂದ ಸಾಲ ತಂದ ಲ್ಯಾಪ್‌ಟಾಪಿನಲ್ಲಿ ಗಿಣಿಮೂತಿ ತಿರುಗಿತು. ಕೊಕ್ಕು ಸರಿಯಾಗಿತ್ತು. ಹೊಟ್ಟೆಯ ಮೇಲೆ ಬೆಳಕಿನ ಬೊಟ್ಟು ಜಾರುತ್ತಿತ್ತು. ಅಪ್ಪನನ್ನು ಕರೆದೆ. ಕನ್ನಡಕ ಏರಿಸಿಕೊಂಡು, ಎರಡು ಸುತ್ತು ತಿರುಗುವ ತನಕ ಸುಮ್ಮನೆ ನೋಡಿದರು.

"ತೊಟ್ಟೆಲ್ಲೋ?"

ಮರೆತಿದ್ದೆ.

"ತೊಟ್ಟು ಬಿಟ್ಟು ಕಿತ್ತರೆ ಸೊನೆ ಸುರಿದು ಮೈಯೆಲ್ಲ ಕಲೆಯಾಗ್ತದೆ. ಮಂಡಿಯಲ್ಲಿ ಇದನ್ನ ಪಕ್ಕಕ್ಕೆ ಎಸೀತಾರೆ" ಅಂದು ಎದ್ದು ಹೋದರು. ಗ್ರಾಫಿಕ್ಸ್ ವಿಷಯದಲ್ಲಿ ನನಗೆ ನಡೆದ ಅತ್ಯಂತ ಕಠಿಣ ವೈವಾ ಅದೇ. ಕಾಲೇಜಿಗೆ ಬಂದ ಪರೀಕ್ಷಕರು ಕಾಯಿ ನೋಡಿ "ಗುಡ್" ಅಂದು ಸಹಿ ಹಾಕಿದರು, ತೊಟ್ಟಿನ ಸುದ್ದಿ ಎತ್ತಲಿಲ್ಲ.

ತೊಟ್ಟಿಗೆ ಇನ್ನೊಮ್ಮೆ ಅಳತೆ ತೆಗೆಯೋಣವೆಂದು ಅಪ್ಪ ಹಾಗಂದ ರಾತ್ರಿಯೇ ಕಾಯಿ ಹುಡುಕಿದ್ದೆ. ನ್ಯೂಯೆಲ್ ಅವರ ಟೀಪಾಟ್ ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಜೋಪಾನವಾಗಿದೆಯಂತೆ. ನನ್ನ ಮೂಲಪ್ರತಿಯನ್ನು ಅಮ್ಮ ಅಷ್ಟರಲ್ಲಿ ಹೆಚ್ಚಿ, ಉಪ್ಪು ಖಾರ ಹಚ್ಚಿ, ಗ್ರಾಫ್ ಹಾಳೆಯ ಮೇಲೇ ಇಟ್ಟುಕೊಟ್ಟಿದ್ದರು.