ದಾಂಪತ್ಯ ಪ್ರಮಾಣ ಮೀಮಾಂಸೆ

ಗಂಡ ಮತ್ತು ಹೆಂಡತಿ ಎಂಬ ಎರಡು ಪದಾರ್ಥಗಳು ಲೋಕದಲ್ಲಿ ಉಂಟೆಂಬುದನ್ನು ಚಾರ್ವಾಕರೂ ಅಲ್ಲಗಳೆದಿಲ್ಲ. ಅವೆರಡರ ನಡುವೆ ಸಂಬಂಧವೆಂಬ ಮೂರನೆಯದೊಂದು ಉಂಟೇ, ಉಂಟಾದರೆ ಅದನ್ನು ಅರಿಯುವ ಬಗೆ ಯಾವುದು ಎಂಬಲ್ಲಿ ಮಾತ್ರ ವಿವಾದ. ಜೀವಕ್ಕೂ ಬ್ರಹ್ಮಕ್ಕೂ ಏನು ನಂಟು ಎಂದು ತಾಳೆಗರಿಗಳ ರಾಶಿಯನ್ನೇ ಖರ್ಚು ಮಾಡಿದ ಪೂರ್ವಾಚಾರ್ಯರು ಈ ಪ್ರಶ್ನೆಯ ಹತ್ತಿರ ಸುಳಿಯಲಿಲ್ಲ. ಅವರಲ್ಲಿ ಅನೇಕರು ಸಂನ್ಯಾಸಿಗಳಾಗಿದ್ದುದು ಇದಕ್ಕೆ ಕಾರಣವಿರಬಹುದು. ಕೊನೆಗೆ ಅದನ್ನು ಕೈಗೆತ್ತಿಕೊಂಡದ್ದು ಅಮೆರಿಕದ ವಲಸೆ ಇಲಾಖೆ. ಅಲ್ಲಿಯ ಪ್ರಜೆಯನ್ನು ಮದುವೆಯಾದ ಪರದೇಶಿ ಕಾಯಂ ವಾಸದ ಹಕ್ಕು ಕೇಳಿದರೆ, ಗಂಡಹೆಂಡಿರಿಬ್ಬರನ್ನೂ ಕರೆದು ಕೂರಿಸಿ, ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿ, ನೀವು ನಿಜವಾಗಿಯೂ ಗಂಡಹೆಂಡಿರೇ ಎಂದು ಅದು ವಿಚಾರಿಸುತ್ತದೆ. ಪಾಣಿಗ್ರಹಣದಲ್ಲಿ ಹಿಡಿಸಿದ ಕೈಯನ್ನು ಬಿಡಿಸಿ ಮೇಲೆತ್ತಿಸುವ ಈ ಸಂಸ್ಕಾರವನ್ನು ಗೃಹ್ಯಸೂತ್ರಕಾರರು ಏಕೆ ಬಿಟ್ಟರೋ ತಿಳಿಯದು.

ಯಾವ ಶಾಸ್ತ್ರಕ್ಕೇ ಆಗಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲು ಹೇಳಬೇಕು. ಇಲ್ಲಿ ಅಧಿಕಾರಿ ಮೇಜಿನ ಆಚೆ ಕೂತಿರುತ್ತಾರೆ. ವಿಷಯ ಮೇಜಿನ ಈಚೆ ಬೆವರುತ್ತಿರುತ್ತದೆ. ಸಂಬಂಧ ಇನ್ನೂ ಸಾಬೀತಾಗಬೇಕು. ಪ್ರಯೋಜನ ಒಂದು ಪ್ಲಾಸ್ಟಿಕ್ ಕಾರ್ಡು. 1964ರಲ್ಲಿ ಹಸಿರು ಕಳೆದುಕೊಂಡ ಈ ಕಾರ್ಡು 2010ರಲ್ಲಿ ಮತ್ತೆ ಹಸಿರಾಯಿತು. ನಡುವಿನ ಅಷ್ಟೂ ವರ್ಷ ನೀಲಿಯೋ ಗುಲಾಬಿಯೋ ಆಗಿದ್ದಾಗಲೂ ಜನ ಅದನ್ನು ಗ್ರೀನ್ ಕಾರ್ಡ್ ಎಂದೇ ಕರೆದರು. ನಾಮರೂಪಗಳು ಮಿಥ್ಯೆ ಎಂಬುದಕ್ಕೆ ಇದಕ್ಕಿಂತ ಅಧಿಕೃತವಾದ ಸರ್ಕಾರಿ ದಾಖಲೆ ಅದ್ವೈತಿಗಳಿಗೆ ಸಿಗಲಾರದು.

ಇನ್ನು ಪರಂಪರೆ. ಎರಡನೆಯ ಮಹಾಯುದ್ಧದ ಸೈನಿಕರು ಹೊರದೇಶಗಳಲ್ಲಿ ಕಟ್ಟಿಕೊಂಡವರನ್ನು ಕರೆತರಲೆಂದು 1945ರ ಡಿಸೆಂಬರಿನಲ್ಲಿ ಯುದ್ಧವಧುಗಳ ಕಾಯ್ದೆ ಬಂತು. ಕಾಯ್ದೆ ಬಂದ ಮೇಲೆ ಕಳ್ಳದಾರಿ ಬರಲೇಬೇಕಲ್ಲ. ಪ್ಯಾರಿಸ್ಸಿನಲ್ಲಿ ಮದುವೆಯಾಗಿ, ಅಮೆರಿಕದ ನೆಲ ಮುಟ್ಟಿದ ಕೂಡಲೇ ನೀನ್ಯಾರೋ ನಾನ್ಯಾರೋ ಎಂದು ಬೇರೆಯಾದ ಜೋಡಿಗಳ ಲುಟ್‌ವಾಕ್ ಪ್ರಕರಣ 1953ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಮದುವೆ ಫ್ರಾನ್ಸಿನ ಕಾನೂನಿನಂತೆ ಊರ್ಜಿತವೋ ಅಲ್ಲವೋ, ಅದು ಬೇಕಿಲ್ಲ. ಸತಿಪತಿಗಳಾಗಿ ಬಾಳುವ ಉದ್ದೇಶ ಇತ್ತೇ ಎಂಬುದಷ್ಟೇ ಬೇಕು ಎಂದಿತು ನ್ಯಾಯಾಲಯ. 1975ರ ಬಾರ್ಕ್ ಪ್ರಕರಣದಲ್ಲಿ ಒಂಬತ್ತನೆಯ ಸರ್ಕೀಟ್ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರು ಇನ್ನೊಂದು ಹೆಜ್ಜೆ ಇಟ್ಟರು: ಮದುವೆಯಾಗುವ ಹೊತ್ತಿಗೆ ಕೂಡಿ ಬಾಳುವ ಮನಸ್ಸಿದ್ದರೆ ಸಾಕು, ಆಮೇಲೆ ಜಗಳವಾಡಿ ಬೇರೆಯಾದರು ಎಂಬ ಒಂದೇ ಕಾರಣಕ್ಕೆ ಮದುವೆ ಸುಳ್ಳಾಗದು. ಜಗಳಕ್ಕೆ ಇಂಥ ಶಾಸ್ತ್ರೀಯ ಮಾನ್ಯತೆ ದೊರೆತದ್ದು ಸಣ್ಣ ಸಂಗತಿಯಲ್ಲ. ನಮ್ಮ ಸಿದ್ಧಾಂತ ನಿಂತಿರುವುದೇ ಇದರ ಮೇಲೆ. 1986ರಲ್ಲಿ ಬಂದ ತಿದ್ದುಪಡಿ, ಮದುವೆಯಾಗಿ ಎರಡು ವರ್ಷ ತುಂಬದವರಿಗೆ ಎರಡು ವರ್ಷದ ಷರತ್ತಿನ ಕಾರ್ಡು ಮಾತ್ರ ಎಂದು ವಿಧಿಸಿತು. ವಲಸೆಗಾಗಿ ಸುಳ್ಳು ಮದುವೆಯಾದರೆ ಐದು ವರ್ಷದವರೆಗೆ ಸೆರೆ, 2,50,000 ಡಾಲರಿನವರೆಗೆ ದಂಡ. ನಿಜವಾದ ಮದುವೆಗೆ ಶಿಕ್ಷೆ ಎಷ್ಟೆಂದು ಕಾಯ್ದೆ ಹೇಳಿಲ್ಲ.

ಈಗ ಪ್ರಮಾಣಗಳ ವಿಚಾರ. ಪ್ರತ್ಯಕ್ಷಪ್ರಮಾಣವೆಂದರೆ ಫೋಟೋ ಎಂದು ವಕೀಲಮತ. ಕನ್ನಡಿಗರ ಮದುವೆ ಈ ಮತಕ್ಕೆ ಭಾರೀ ಪೆಟ್ಟು ಕೊಡುತ್ತದೆ. ಆಲ್ಬಮಿನಲ್ಲಿ ಇರುವುದು ವಧೂವರರು ಒಂದೇ ಭಂಗಿಯಲ್ಲಿ, ಒಂದೇ ನಗೆಯಲ್ಲಿ, ಅದೇ ಕೆಂಪು ಸೋಫಾದ ಮುಂದೆ ನಿಂತು, ಅಕ್ಕಪಕ್ಕದವರು ಮಾತ್ರ ಬದಲಾಗುತ್ತ ಹೋಗುವ ನೂರಾರು ಚಿತ್ರಗಳು. ಇಬ್ಬರೇ ಇರುವ ಚಿತ್ರ ಒಂದೂ ಇಲ್ಲ. ಇದ್ದರೂ ಮೂಲೆಯಲ್ಲಿ ಒಬ್ಬ ಭಾವಮೈದುನನ ಮೊಣಕೈ ಇರುತ್ತದೆ. ಅಧಿಕಾರಿ ಒಂದು ಚಿತ್ರದ ಮೇಲೆ ಬೆರಳಿಟ್ಟು, ಕವರು ಹಿಡಿದು ನಿಂತಿರುವ ಈ ಸಫಾರಿ ಸೂಟಿನವರು ಯಾರು ಎಂದು ಕೇಳುತ್ತಾರೆ. ನಮ್ಮ ಯಜಮಾನರ ಕಡೆಯವರು ಎನ್ನುತ್ತಾಳೆ ಹೆಂಡತಿ. ಇವಳ ಕಡೆಯವರು ಎನ್ನುತ್ತಾನೆ ಗಂಡ. ಸಫಾರಿ ಸೂಟಿನವರು ಪಕ್ಕದ ಕಲ್ಯಾಣಮಂಟಪದ ಮದುವೆಗೆ ಬಂದವರು, ದಾರಿ ತಪ್ಪಿ ಇಲ್ಲಿ ಉಂಡು ಹೋದರು ಎಂಬ ಸತ್ಯ ಯಾರ ಕಡತದಲ್ಲೂ ಇಲ್ಲ.

ಶಬ್ದಪ್ರಮಾಣದಲ್ಲಿ ತೊಡಕು ಇನ್ನೂ ಹೆಚ್ಚು. ಮದುವೆಯನ್ನು ಬಲ್ಲವರ ಅಫಿಡವಿಟ್ಟುಗಳನ್ನು ಲಗತ್ತಿಸಬಹುದು. ಹೇಳಿಕೆ ಕೊಡುವವರು ಪೂರ್ಣ ಹೆಸರು, ವಿಳಾಸ, ಹುಟ್ಟಿದ ದಿನ, ಹುಟ್ಟಿದ ಊರು ನಮೂದಿಸಬೇಕು. ನಮ್ಮ ಮದುವೆಯ ಮುಖ್ಯ ಸಾಕ್ಷಿ ಅಗ್ನಿ. ಹಿಂದೂ ವಿವಾಹ ಕಾಯ್ದೆ, 1955ರ ಏಳನೆಯ ಸೆಕ್ಷನ್ ಕೂಡ ಸಪ್ತಪದಿ ನಡೆಯುವ ಮದುವೆಗಳಲ್ಲಿ, ಅಗ್ನಿಯ ಮುಂದೆ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣ ಎನ್ನುತ್ತದೆ. ಆದರೆ ಅಗ್ನಿ ಹುಟ್ಟಿದ್ದು ಅರಣಿಯಲ್ಲೋ, ನೀರಿನಲ್ಲೋ, ಆಕಾಶದಲ್ಲೋ ಎಂಬುದರಲ್ಲಿ ವೇದಗಳಲ್ಲೇ ಏಕಾಭಿಪ್ರಾಯವಿಲ್ಲ. ವಿಳಾಸದ ಕಲಮಿನಲ್ಲಿ ಸರ್ವತ್ರ ಎಂದು ಬರೆದರೆ ಅರ್ಜಿ ವಾಪಸು ಬರುತ್ತದೆ. ಎರಡನೆಯ ಸಾಕ್ಷಿ ಅರುಂಧತಿ. ಹಗಲು ಹನ್ನೆರಡೂವರೆಯ ಮುಹೂರ್ತದಲ್ಲಿ, ಛತ್ರದ ಹೊರಗೆ, ಪುರೋಹಿತರು ಟ್ರಾನ್ಸ್‌ಫಾರ್ಮರಿನ ಕಡೆ ಬೆರಳು ತೋರಿಸಿ ನಕ್ಷತ್ರ ಕಾಣಿಸಿತೇ ಎಂದಾಗ ಕಾಣಿಸಿತು ಎಂದು ಇಬ್ಬರೂ ತಲೆಯಾಡಿಸುತ್ತಾರೆ. ದಂಪತಿ ಸೇರಿ ಕೊಡುವ ಮೊದಲ ಸುಳ್ಳು ಹೇಳಿಕೆ ಇದು. ಇಬ್ಬರ ಉತ್ತರವೂ ಅಕ್ಷರಶಃ ಹೊಂದಿಕೆಯಾಗುವ ಕೊನೆಯ ಸಂದರ್ಭವೂ ಇದೇ ಎಂಬುದನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಆದ್ದರಿಂದ ದೇವತೆಗಳನ್ನು ಬಿಟ್ಟು ಕಾಗದಗಳನ್ನು ಹಿಡಿಯಬೇಕಾಗುತ್ತದೆ: ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ಒಟ್ಟಿಗೆ ಸಲ್ಲಿಸಿದ ತೆರಿಗೆ ವಿವರ, ಒಬ್ಬರು ಸತ್ತರೆ ಇನ್ನೊಬ್ಬರಿಗೆ ಹಣ ಸಿಗುವ ವಿಮೆ. ಕನ್ನಡಕೂಟದ ಪೊಟ್‌ಲಕ್ಕಿನಲ್ಲಿ ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತು ಉಪದೇಶ ಮಾಡುವ ಹಿರಿಯರದು ಬೇರೆಯೇ ಮತ; ಅವರ ಪ್ರಕಾರ ಕಾಸ್ಕೋದ ಜೋಡಿ ಕಾರ್ಡೇ ಪರಮಪ್ರಮಾಣ, ಏಕೆಂದರೆ ಪ್ರೀತಿಯಿಲ್ಲದವರು ಸೇರಿ ಇಪ್ಪತ್ತು ಪೌಂಡಿನ ಅಕ್ಕಿಮೂಟೆ ಹೊರಲಾರರು. ಇದನ್ನು ನಾವು ಪೂರ್ತಿ ತಳ್ಳಿಹಾಕುವುದಿಲ್ಲ. ಕಾಗದವನ್ನೇ ನಂಬುವವರ ಆದಿಪುರುಷ ದುಷ್ಯಂತ. ತುಂಬು ಬಸುರಿ ಎದುರಿಗೆ ನಿಂತಿದ್ದರೂ ದಾಖಲೆ ತೋರಿಸು ಎಂದ. ಶಕುಂತಲೆಯ ಬಳಿ ಇದ್ದದ್ದು ಒಂದೇ ಒರಿಜಿನಲ್, ನಕಲು ತೆಗೆಸಿರಲಿಲ್ಲ, ಅದೂ ನೀರುಪಾಲಾಗಿ ಮೀನಿನ ಹೊಟ್ಟೆ ಸೇರಿತ್ತು. ಇಂದಾಗಿದ್ದರೆ ಪ್ರಕರಣವನ್ನು ಬಾಕಿ ಇಟ್ಟು ಹೆಚ್ಚುವರಿ ಸಾಕ್ಷ್ಯ ಕೇಳಿ ಪತ್ರ ಬರುತ್ತಿತ್ತು, ಬೆಸ್ತನಿಗೂ ಉಸಿರಾಡಲು ಕಾಲಾವಕಾಶ ಸಿಗುತ್ತಿತ್ತು.

ಹೆಸರುಗಳ ಅಧ್ಯಾಯವನ್ನು ನಾವು ದುಃಖದಿಂದ ಬರೆಯುತ್ತಿದ್ದೇವೆ. ಇನಿಷಿಯಲ್ಲಿನಲ್ಲಿ ಊರನ್ನೂ ಅಪ್ಪನನ್ನೂ ಹೊತ್ತು ತಿರುಗುವ ಜನ ನಾವು. ವಿಮಾನ ಹತ್ತುವ ಹೊತ್ತಿಗೆ ಗಂಡನ ಕೊನೆಯ ಹೆಸರು ಅವನ ಅಪ್ಪನದು, ಹೆಂಡತಿಯದು ಅವಳ ಅಪ್ಪನದು, ಮಗುವಿನದು ಗಂಡನದು. ಒಂದೇ ಮನೆಯ ಮೂವರಿಗೆ ಮೂರು ಕುಲನಾಮ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ಎಫ್‌ಎನ್‌ಯು ಎಂದು ಬೀಳುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂಬ ಅರ್ಥದಲ್ಲಿ. ಸಮಾರಂಭ ಮಾಡಿ, ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಮೂರು ಸಲ ಕೂಗಿದ ಹೆಸರಿಗೆ ಬಂದ ಗತಿ ಇದು. ನೀವು ಮೂವರೂ ಒಂದೇ ಕುಟುಂಬವೇ ಎಂದು ಅಧಿಕಾರಿ ಕೇಳಿದರೆ ತಪ್ಪು ಅವರದಲ್ಲ.

ನಮ್ಮ ಕನ್ನಡನಾಡಿನ ಉತ್ತರದಲ್ಲಿ ಈ ಸಂದರ್ಶನವನ್ನು ಇಲಾಖೆ ಹುಟ್ಟುವ ಮೊದಲೇ ಕಂಡುಹಿಡಿದಿದ್ದರು ಎಂಬುದು ನಮ್ಮ ಸ್ವತಂತ್ರ ಸಂಶೋಧನೆ. ಧಾರವಾಡ, ವಿಜಯಪುರದ ಕಡೆ ಹೊಸ ಮದುಮಗಳನ್ನು ಹೊಸ್ತಿಲಲ್ಲಿ ತಡೆದು, ಗಂಡನ ಹೆಸರನ್ನು ಒಡಪು ಕಟ್ಟಿ ಹೇಳು, ಆಮೇಲೆ ಒಳಗೆ ಬಾ ಎನ್ನುತ್ತಾರೆ. ಪ್ರವೇಶಕ್ಕೆ ಮುನ್ನ ತಡೆ, ಬಾಯಿಮಾತಿನ ಪರೀಕ್ಷೆ, ಸಂಗಾತಿಯ ಗುರುತು, ಸಾಕ್ಷಿಗಳ ಸಮಕ್ಷಮ, ಉತ್ತೀರ್ಣರಾದರೆ ಕಾಯಂ ವಾಸ: ಒಂದು ಲಕ್ಷಣವೂ ತಪ್ಪಿಲ್ಲ. ಪಠ್ಯಪರಿಷ್ಕರಣಕ್ಕಾಗಿ ಹೊಸ ಕಾಲದ ಒಡಪೊಂದನ್ನು ನಾವೇ ರಚಿಸಿ ಇಲ್ಲಿ ಕೊಡುತ್ತಿದ್ದೇವೆ:

ಬ್ಯಾಂಕಿನ ಖಾತಿ ಜಂಟಿ, ಬಾಡಿಗಿ ಕರಾರೂ ಜಂಟಿ,
ರಾಯರ ಹೆಸರ ಹೇಳತೇನಿ, ಬಾರಸ್ರಿ ಒಳಗಿನ ಘಂಟಿ.

ಇದರಲ್ಲಿ ರಾಯರ ಹೆಸರು ಬರಲೇ ಇಲ್ಲವಲ್ಲ ಎಂಬ ಆಕ್ಷೇಪ ಉಂಟು. ಎಫ್‌ಎನ್‌ಯು ಎಂಬುದು ಪ್ರಾಸಕ್ಕೆ ಸಿಗಲಿಲ್ಲ.

ಕೋಣೆಯ ಒಳಗೆ ನಡೆಯುವುದು ಬಹುಪಾಲು ನೀರಸ. ಕಾಯಂ ವಾಸದ ಐ-485 ಅರ್ಜಿಯ ಪ್ರಶ್ನೆಗಳನ್ನೇ ಅಧಿಕಾರಿ ಮತ್ತೆ ಓದುತ್ತಾರೆ: ಕಮ್ಯುನಿಸ್ಟ್ ಪಕ್ಷದಲ್ಲಿ ಇದ್ದಿರಾ, ಗೂಢಚರ್ಯೆ ಮಾಡಿದ್ದೀರಾ, ನರಮೇಧದಲ್ಲಿ ಭಾಗವಹಿಸಿದ್ದೀರಾ, ಬಹುಪತ್ನಿತ್ವದ ಯೋಚನೆ ಉಂಟೇ. ಗೋತ್ರ, ನಕ್ಷತ್ರ, ಕುಜದೋಷ, ಸೈಟಿನ ಅಳತೆ ಎಲ್ಲ ವಿಚಾರಿಸಿದ್ದ ಹಿರಿಯರು ನರಮೇಧದ ವಿಷಯ ಕೇಳುವುದನ್ನು ಮರೆತಿದ್ದರೆಂಬುದು ಇಲ್ಲಿ ಬಯಲಾಗುತ್ತದೆ. ಗಂಡನೂ ಉತ್ತರಕ್ಕಾಗಿ ಸ್ವಲ್ಪ ಮುಂದಕ್ಕೆ ಬಾಗುತ್ತಾನೆ.

ಆಮೇಲೆ ಬರುವುದು ಕಠಿಣ ಭಾಗ. ಇಬ್ಬರೂ ಮೊದಲು ಭೇಟಿಯಾದದ್ದು ಎಲ್ಲಿ? ಹುಡುಗಿಯ ಮನೆಯ ಹಾಲಿನಲ್ಲಿ, ಎರಡೂ ಕಡೆಯ ಹದಿನಾರು ಜನರ ನಡುವೆ, ಉಪ್ಪಿಟ್ಟು ಕೇಸರಿಭಾತಿನ ಎದುರು. ಏನು ಮಾತಾಡಿದಿರಿ? ಮಾತಾಡಲಿಲ್ಲ, ಮಾವ ಮಾತಾಡಿದರು. ಮದುವೆಯಾಗೋಣ ಎಂದು ಮೊದಲು ಕೇಳಿದವರು ಯಾರು? ಮೈಸೂರಿನ ಸೋದರತ್ತೆ. ಒಪ್ಪಿದವರು? ಅಜ್ಜಿ. ಅಧಿಕಾರಿಯ ಪೆನ್ನು ನಿಲ್ಲುವುದು ಇಲ್ಲಿ. ಇಷ್ಟು ಜನ ಸೇರಿ ಆದ ಮದುವೆಗೆ ಇವರಿಬ್ಬರನ್ನೇ ಏಕೆ ಕರೆಸಿದೆವು ಎಂಬ ನ್ಯಾಯವಾದ ಸಂದೇಹ ಅವರ ಮುಖದಲ್ಲಿ ಮೂಡುತ್ತದೆ.

ಸಂದೇಹ ಬಲಿತರೆ ಗಂಡಹೆಂಡಿರನ್ನು ಬೇರೆ ಬೇರೆ ಕೂರಿಸಿ ಅವೇ ಪ್ರಶ್ನೆ ಕೇಳಿ ಉತ್ತರಗಳನ್ನು ತಾಳೆ ನೋಡುವುದುಂಟು. ನ್ಯೂಯಾರ್ಕಿನ ಒಂದು ಮೊಕದ್ದಮೆಯಿಂದಾಗಿ 1976ರಲ್ಲಿ ಇದಕ್ಕೆ ಕಟ್ಟುಪಾಡುಗಳು ಬಂದವು, ಹಾಗಾಗಿ ಸ್ಟೋಕ್ಸ್ ಸಂದರ್ಶನ ಎಂದು ಹೆಸರು. ಮಂಚದ ಯಾವ ಬದಿ ಯಾರದು, ಮಲಗುವ ಕೋಣೆಗೆ ಕಿಟಕಿ ಎಷ್ಟು, ನಿನ್ನೆ ರಾತ್ರಿ ಊಟಕ್ಕೆ ಏನು. ಪೂರ್ವಪಕ್ಷ ಹೀಗೆ: ಉತ್ತರಗಳು ಹೊಂದಿದರೆ ಮದುವೆ ನಿಜ, ಹೊಂದದಿದ್ದರೆ ಸುಳ್ಳು. ನಾವು ಇದನ್ನು ಖಂಡಿಸುತ್ತೇವೆ. ಪರದೆಯ ಬಣ್ಣ ಬಲ್ಲ ಗಂಡನನ್ನು ಯಾವ ಪುರಾಣವೂ ವರ್ಣಿಸಿಲ್ಲ. ನಿನ್ನೆ ಏನು ಊಟ ಎಂದರೆ ಮಾಡಿದವಳು ಹುರುಳಿಸಾರು ಎನ್ನುತ್ತಾಳೆ, ಉಂಡವನು ಏನೋ ಸಾರು ಎನ್ನುತ್ತಾನೆ. ಈ ಏನೋ ಎಂಬುದು ವರ್ಷಾನುಗಟ್ಟಲೆಯ ಸಹವಾಸವಿಲ್ಲದೆ ಬಾಯಲ್ಲಿ ಬರುವ ಪದವಲ್ಲ. ಪೀಟರ್ ವಿಯರ್ 1990ರಲ್ಲಿ ತೆಗೆದ ಗ್ರೀನ್ ಕಾರ್ಡ್ ಎಂಬ ಸಿನಿಮಾದಲ್ಲಿ ಸುಳ್ಳು ಗಂಡ ಎಲ್ಲವನ್ನೂ ಬಾಯಿಪಾಠ ಮಾಡಿ, ಹೆಂಡತಿಯ ಮುಖದ ಕ್ರೀಮಿನ ಹೆಸರೊಂದರಲ್ಲಿ ಎಡವುತ್ತಾನೆ. ಅಷ್ಟರಲ್ಲಿ ಇಬ್ಬರಿಗೂ ನಿಜವಾದ ಪ್ರೀತಿ ಹುಟ್ಟಿರುತ್ತದೆ. ನಮ್ಮ ಮತದಲ್ಲಿ ಅವನು ಮರೆತದ್ದೇ ಅದಕ್ಕೆ ಸಾಕ್ಷಿ.

ಸಿದ್ಧಾಂತಕ್ಕೆ ಆಕರ ಮಹಾಭಾರತದ ನಳೋಪಾಖ್ಯಾನ. ಸ್ವಯಂವರದಲ್ಲಿ ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪ ತಾಳಿ ಸಾಲಾಗಿ ಕೂತರು. ಐದು ಅರ್ಜಿ, ಒಂದೇ ಫೋಟೋ. ದಮಯಂತಿ ನೋಡಿದಳು: ನಾಲ್ವರು ಬೆವರಿಲ್ಲ, ರೆಪ್ಪೆ ಬಡಿಯಲಿಲ್ಲ, ಹೂಮಾಲೆ ಬಾಡಿಲ್ಲ, ಕಾಲು ನೆಲಕ್ಕೆ ತಾಗಿಲ್ಲ. ಒಬ್ಬ ಮಾತ್ರ ಬೆವರಿ, ಧೂಳು ಮೆತ್ತಿಕೊಂಡು, ಕಣ್ಣು ಪಿಳುಕಿಸುತ್ತಿದ್ದ. ಮಾಲೆ ಅವನ ಕೊರಳಿಗೆ ಬಿತ್ತು. ಕುಂದು ಇದ್ದಲ್ಲಿ ಗಂಡ ಇದ್ದಾನೆ ಎಂಬ ಈ ವ್ಯಾಪ್ತಿಯನ್ನು ಹೊಗೆ ಇದ್ದಲ್ಲಿ ಬೆಂಕಿ ಎಂಬುದರ ಪಕ್ಕದಲ್ಲೇ ಇಡಬೇಕಿತ್ತು; ನೈಯಾಯಿಕರು ಇಡಲಿಲ್ಲ. ಪಳಗಿದ ಅಧಿಕಾರಿಗಳಿಗೆ ಇದು ಓದದೆಯೇ ಗೊತ್ತು. ಗಿಳಿಪಾಠ ಒಪ್ಪಿಸುವ ಜೋಡಿಯ ಎದುರು ಅವರು ಹುಬ್ಬೇರಿಸುತ್ತಾರೆ. ಮದುವೆಯ ತಾರೀಕಿನ ಬಗ್ಗೆ ಗಂಡ ಒಂದು ದಿನ ತಪ್ಪಿ, ಹೆಂಡತಿ ಅವನ ಕಡೆ ಒಂದು ನೋಟ ಬೀರಿ, ಧಾರೆ ಹದಿನಾಲ್ಕಕ್ಕೆ, ಹದಿಮೂರು ವರಪೂಜೆ, ನಿಮಗೆ ಊಟದ್ದೇ ನೆನಪು ಎಂದು ಕನ್ನಡದಲ್ಲಿ ಗದರಿದರೆ, ಭಾಷೆ ತಿಳಿಯದ ಅಧಿಕಾರಿಗೂ ಪ್ರಮೇಯ ತಿಳಿಯುತ್ತದೆ.

ಇಷ್ಟರಲ್ಲೇ ಶಾಸ್ತ್ರ ಮುಗಿಯಿತೆನ್ನುವವರು ಐ-864 ಓದಿಲ್ಲ. ಸಂಗಾತಿಯನ್ನು ಬಡತನದ ರೇಖೆಯ ಶೇಕಡಾ 125ಕ್ಕಿಂತ ಕೆಳಗೆ ಇಳಿಯಲು ಬಿಡೆನೆಂದು ಅರ್ಜಿದಾರ ಬರೆದುಕೊಡುವ ಮುಚ್ಚಳಿಕೆ ಅದು. ಪ್ರೀತಿಯ ಲೆಕ್ಕದಲ್ಲಿ ಇದು ಬಲು ಕಡಿಮೆ. ಆದರೆ ವಿಚ್ಛೇದನವಾದರೂ ಇದು ಬಿಡುವುದಿಲ್ಲ. ಮದುವೆ ಹೋದರೂ ಮುಚ್ಚಳಿಕೆ ಉಳಿಯುತ್ತದೆ. ನಾವು ಏಳೇಳು ಜನ್ಮ ಎಂದದ್ದನ್ನು ಅಮೆರಿಕದ ಕಾನೂನು ದುಡಿಮೆಯ 40 ತ್ರೈಮಾಸಿಕಗಳೆಂದು ನಿಗದಿ ಮಾಡಿದೆ. ಅದಕ್ಕೂ ಮೊದಲು ಬಿಡುಗಡೆ ಬೇಕಾದರೆ ಇಬ್ಬರಲ್ಲಿ ಒಬ್ಬರು ಸಾಯಬೇಕು, ಇಲ್ಲವೇ ಸಂಗಾತಿ ಕಾರ್ಡು ಬಿಟ್ಟು ದೇಶ ಬಿಡಬೇಕು, ಇಲ್ಲವೇ ಆ ದೇಶದ ಪ್ರಜೆಯಾಗಬೇಕು. ಪ್ರಜೆಯ ಜೊತೆ ಬಾಳುತ್ತಿರುವ ಸಂಗಾತಿಗೆ ಐದರ ಬದಲು ಮೂರೇ ವರ್ಷಕ್ಕೆ ಆ ಅರ್ಜಿ ಹಾಕುವ ಅವಕಾಶ ಉಂಟು. ಮೂರನೆಯ ವರ್ಷ ಬಂದಂತೆ ಗಂಡಂದಿರು ರಾತ್ರಿ ಹತ್ತಕ್ಕೆ ಟೀವಿ ಆರಿಸಿ, ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ಪೌರತ್ವ ಪರೀಕ್ಷೆಗೆಂದು, ಸೆನೆಟರುಗಳ ಅವಧಿ ಎಷ್ಟು ಎಂದು ತಾಳ್ಮೆಯಿಂದ ಪಾಠ ಒಪ್ಪಿಸಿಕೊಳ್ಳುವುದು ಇದೇ ಕಾರಣಕ್ಕೆ. ಇದನ್ನು ಪ್ರೀತಿ ಎಂದು ಬಗೆಯುವ ಪಂಥವೂ ಒಂದಿದೆ. ಅದರ ಖಂಡನೆ ಎರಡನೆಯ ಸಂಪುಟದಲ್ಲಿ.