ಶ್ರೀ ಸರ್ವಋತು ಟೈರ್ ಅವರ ಸನ್ನಿಧಿಗೆ

ಟ್ರಾಯ್, ಮಿಶಿಗನ್
ಅಕ್ಟೋಬರ್ 28

ಮಾನ್ಯ ಸರ್ವಋತು ಟೈರ್ ಅವರೇ,

ಸಾಷ್ಟಾಂಗ ನಮಸ್ಕಾರ. ಇದು ಶಿಷ್ಟಾಚಾರಕ್ಕೆ ಬರೆದ ಮಾತಲ್ಲ. ತಮ್ಮ ಬಟನ್ ಎಷ್ಟು ಸವೆದಿದೆ ಎಂದು ಒಳಮೈವರೆಗೂ ನೋಡಬೇಕಾದರೆ ಗರಾಜಿನ ತಣ್ಣನೆ ಸಿಮೆಂಟಿನ ಮೇಲೆ ಬೋರಲು ಮಲಗಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ನಾಣ್ಯ ಹಿಡಿಯಬೇಕು. ಆ ಭಂಗಿಯಿಂದ ಈಗಷ್ಟೇ ಎದ್ದು, ಮೊಣಕೈ ಒರೆಸಿಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಹೆಸರಿನಿಂದಲೇ ಶುರು ಮಾಡೋಣ. ನಮ್ಮ ಪಂಚಾಂಗದಲ್ಲಿ ಋತು ಆರು, ಈ ದೇಶದ ಕ್ಯಾಲೆಂಡರಿನಲ್ಲಿ ನಾಲ್ಕು, ಮಿಶಿಗನ್ನಿನ ಹಳಬರ ಲೆಕ್ಕದಲ್ಲಿ ಎರಡೇ: ಹಿಮ ಮತ್ತು ರಸ್ತೆ ರಿಪೇರಿ. ತಾವು ಯಾರ ಪಂಚಾಂಗ ಹಿಡಿದು 'ಸರ್ವ' ಎಂದಿರೋ ತಿಳಿಯದು. 1977ರಲ್ಲಿ ಗುಡ್‌ಇಯರ್ ಕಂಪನಿ ತಮ್ಮ ವಂಶದ ಹಿರಿಯರನ್ನು ಟಿಯೆಂಪೊ ಎಂಬ ಹೆಸರಿನಲ್ಲಿ ಪೇಟೆಗೆ ತಂದಿತು. ಸ್ಪ್ಯಾನಿಷಿನಲ್ಲಿ ಆ ಮಾತಿಗೆ ಕಾಲ ಎಂಬ ಅರ್ಥವೂ ಇದೆ, ಹವಾಮಾನ ಎಂಬ ಅರ್ಥವೂ ಇದೆ. ಅದಕ್ಕೆ ಮುಂಚೆ ಹಿಮದ ಸೀಮೆಯವರು ನವೆಂಬರಿನಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ ಟೈರು ಬಿಚ್ಚಿ ಹಾಕಿ ಬೆನ್ನು ನೋಯಿಸಿಕೊಳ್ಳುತ್ತಿದ್ದರು. ಆ ಬೆನ್ನುಗಳ ಪರವಾಗಿ ತಮಗೆ ಕೃತಜ್ಞತೆ ಸಲ್ಲಲೇಬೇಕು. ಅಂದ ಹಾಗೆ, ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ಗುಟ್ಟು ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್ 1860ರಲ್ಲಿ ಸಾಲ ಬಿಟ್ಟು ತೀರಿಕೊಂಡ. 1898ರಲ್ಲಿ ಒಹಾಯೊದ ಆಕ್ರನ್ನಿನಲ್ಲಿ ಕಂಪನಿ ಕಟ್ಟಿದವರು ಬೇರೆಯವರು, ಅವನ ಹೆಸರನ್ನಷ್ಟೇ ತೆಗೆದುಕೊಂಡರು. ಹೆಸರೊಂದು, ಸರಕೊಂದು ಎಂಬ ಪದ್ಧತಿ ತಮ್ಮ ಕುಲದಲ್ಲಿ ಹಳೆಯದೇ.

ಮೂರು ವರ್ಷದ ಹಿಂದೆ ತಮ್ಮನ್ನು ಮನೆ ತುಂಬಿಸಿಕೊಳ್ಳುವ ಮೊದಲು ನಾನು ಆರು ವಾರ ಹೋಲಿಕೆ ಮಾಡಿದೆ. ಎಕ್ಸೆಲ್ ಹಾಳೆಯಲ್ಲಿ ಹತ್ತೊಂಬತ್ತು ಕಾಲಮ್ಮು. ನನ್ನ ಹೆಂಡತಿ ಹಿಂದಿನಿಂದ ಇಣುಕಿ, "ನನ್ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ತಿಂದು ಹತ್ತೇ ನಿಮಿಷಕ್ಕೆ ಹೂಂ ಅಂದಿದ್ರಲ್ಲ" ಎಂದಳು. ನಿಜವೇ. ಆದರೆ ಅವಳ ಮೈಮೇಲೆ ಏನೂ ಅಚ್ಚಾಗಿರಲಿಲ್ಲ. ತಮ್ಮ ಪಕ್ಕೆಯ ಮೇಲೆ ಜಾತಕವೇ ಅಚ್ಚಾಗಿತ್ತು.

ಆ ಜಾತಕದ ಕಥೆ ಸ್ವಲ್ಪ ಹೇಳಬೇಕು, ಓದುವ ನಾಲ್ಕು ಜನಕ್ಕೆ ಉಪಯೋಗವಾದೀತು. ಅಮೆರಿಕದಲ್ಲಿ ಮಾರುವ ಕಾರಿನ ಟೈರಿನ ಮೇಲೆ ಮೂರು ಗುಣ ನಮೂದಾಗಿರುತ್ತವೆ: ಸವೆತದ ಅಂಕಿ, ಹಿಡಿತದ ಅಕ್ಷರ, ಬಿಸಿ ತಡೆಯುವ ಅಕ್ಷರ. ಸವೆತದ ಪರೀಕ್ಷೆ ನಡೆಯುವುದು ಟೆಕ್ಸಾಸಿನ ಸ್ಯಾನ್ ಆಂಜೆಲೊ ಊರಿನ ಸುತ್ತಮುತ್ತಲ ಹೆದ್ದಾರಿಯಲ್ಲಿ. ಸುಮಾರು 400 ಮೈಲಿಯ ಸುತ್ತನ್ನು ಕಾರುಗಳು ಸಾಲಾಗಿ ಮತ್ತೆ ಮತ್ತೆ ಸುತ್ತಿ 7,200 ಮೈಲಿ ಮುಗಿಸುತ್ತವೆ. ಪ್ರಮಾಣದ ಟೈರಿಗೆ 100 ಎಂದಿಟ್ಟು, ಅದರ ಆರು ಪಟ್ಟು ಬಾಳುವಂತೆ ಕಂಡದ್ದಕ್ಕೆ 600 ಎನ್ನುತ್ತಾರೆ. ಹಿಮದಲ್ಲೂ ನಡೆದೇನು ಎನ್ನುವವರ ಆಯುಷ್ಯವನ್ನು ಟೆಕ್ಸಾಸಿನ ಬಿಸಿಲಿನಲ್ಲಿ ಗುಣಿಸಿದ್ದಾರೆ! ಹಿಡಿತಕ್ಕೆ ಕೊಡುವ ಎಎ ಅಥವಾ ಎ ಎಂಬ ಅಕ್ಷರ ಇನ್ನೂ ಸೊಗಸು. ನೀರು ಹರಿಸಿದ ಡಾಂಬರು ಮತ್ತು ಕಾಂಕ್ರೀಟಿನ ಮೇಲೆ, ನೇರ ದಾರಿಯಲ್ಲಿ, ಚಕ್ರವನ್ನು ಪೂರ್ತಿ ಬಿಗಿದು ಎಳೆದು ನೋಡುವ ಪರೀಕ್ಷೆ ಅದು. ತಿರುವು ಇಲ್ಲ, ಹಿಮ ಇಲ್ಲ. ಚಕ್ರ ಬಿಗಿಯದಿರಲೆಂದೇ ಇವತ್ತಿನ ಕಾರುಗಳಲ್ಲಿ ಎಬಿಎಸ್ ಕೂರಿಸಿದ್ದಾರೆ, ಅದು ಬೇರೆ ಮಾತು. ಕೊನೆಯದಾಗಿ, ಈ ಅಂಕಗಳನ್ನು ತಮಗೆ ಕೊಡುವುದು ಸರ್ಕಾರವಲ್ಲ, ತಮ್ಮನ್ನು ತಯಾರಿಸಿದ ಕಂಪನಿಯೇ. ಅಂದರೆ ಜಾತಕ ಬರೆದವರು ಗಂಡಿನ ಅಪ್ಪ. ಮೂವತ್ತಾರಕ್ಕೆ ಮೂವತ್ತಾರು ಗುಣ ಕೂಡದೆ ಏನು ಮಾಡೀತು?

ಹೀಗೆ ಎಲ್ಲರೂ ಫಸ್ಟ್ ಕ್ಲಾಸಿನವರೇ ಆದ ಮೇಲೆ ಆರಿಸುವುದು ಹೇಗೆ? ತಮ್ಮ ಬಳಗದ ಸಿರಿವಂತರನ್ನೇ ನೋಡಿದೆ. ಮಿಶೆಲಿನ್‌ನ ಕ್ರಾಸ್‌ಕ್ಲೈಮೇಟ್ 2, ಬಾಣದ ಮೊನೆಯಂತೆ ವಿ ಆಕಾರದ ತೋಡುಗಳವರು. ಅವರಿಗೆ 60,000 ಮೈಲಿಯ ವಾರಂಟಿ. ಬ್ರಿಜ್‌ಸ್ಟೋನ್‌ನ ಟುರಾನ್ಜಾ ಕ್ವೈಟ್‌ಟ್ರ್ಯಾಕ್, ಹೆಸರೇ ಹೇಳುವಂತೆ ಸದ್ದು ಮಾಡದ ಸಂಭಾವಿತರು, 80,000 ಮೈಲಿ. ಪಿರೆಲ್ಲಿಯವರು, ಕಾಂಟಿನೆಂಟಲ್‌ನವರು, ಮತ್ತೆ ಗುಡ್‌ಇಯರ್‌ನವರು. ಎಲ್ಲರ ಜಾಹೀರಾತೂ ಒಂದೇ ರಾಗ: ಒಣಗಿದ ರಸ್ತೆ, ಒದ್ದೆ ರಸ್ತೆ, ಹಿಮ, ಮೌನ, ಮೈಲೇಜು, ದೀರ್ಘಾಯುಷ್ಯ. ರಬ್ಬರಿನ ಧರ್ಮ ತಿಳಿದವರು ಈ ಪಟ್ಟಿ ಓದಿ ನಗುತ್ತಾರೆ. ಚಳಿಯಲ್ಲಿ ಮೆತ್ತಗಿರಬೇಕಾದ ರಬ್ಬರು ಬೇಸಿಗೆಯ ಡಾಂಬರಿನ ಮೇಲೆ ಬೇಗ ಸವೆಯುತ್ತದೆ. ಬೇಸಿಗೆಯಲ್ಲಿ ಗಟ್ಟಿ ನಿಲ್ಲುವ ರಬ್ಬರು 7 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗಿಳಿದರೆ ಬಿರುಸಾಗುತ್ತ ಹೋಗುತ್ತದೆ. ಹಿಮ ಕಚ್ಚುವ ದೊಡ್ಡ ಹಲ್ಲು ಹೆದ್ದಾರಿಯಲ್ಲಿ ಗುಂಯ್‌ಗುಡುತ್ತದೆ. ಸಿಲಿಕಾ ಬೆರೆಸಿ ಈ ಜಗಳವನ್ನು ಒಂದಿಷ್ಟು ರಾಜಿ ಮಾಡಿಸಿದ್ದಾರೆ. ಆದರೂ ರಾಜಿ ಎಂದರೆ ರಾಜಿಯೇ. ಎರಡು ದೋಣಿಯಲ್ಲಿ ಕಾಲಿಟ್ಟವರ ಕಥೆ ಗೊತ್ತಿತ್ತು, ನಾಲ್ಕು ದೋಣಿಯಲ್ಲಿ ನಾಲ್ಕು ಟೈರಿಟ್ಟವರನ್ನು ನೋಡಿದ್ದು ಇಲ್ಲಿಗೆ ಬಂದ ಮೇಲೆ.

ಪಕ್ಕೆಯ ಮೇಲೆ ಇನ್ನೂ ಎರಡು ಮುದ್ರೆಗಳಿವೆ. ಒಂದು ಎಂ+ಎಸ್. ಕೆಸರು ಮತ್ತು ಹಿಮ ಎಂದು ಅದರ ವಿಸ್ತರಣೆ. ಈ ಬಿರುದಿಗೆ ಹಿಮದ ಮೇಲೆ ಒಂದು ಗಜವೂ ಓಡಿ ತೋರಿಸಬೇಕಾಗಿಲ್ಲ, ತೋಡುಗಳ ವಿನ್ಯಾಸ ಲೆಕ್ಕಕ್ಕೆ ಸರಿಯಿದ್ದರೆ ಸಾಕು. ಈಜು ಬರುವವನೆಂಬ ಪ್ರಮಾಣಪತ್ರವನ್ನು ಚಡ್ಡಿ ನೋಡಿ ಕೊಟ್ಟ ಹಾಗೆ. ಜರ್ಮನಿಯವರು 2024ರ ಅಕ್ಟೋಬರ್ 1ರಿಂದ ಬರೀ ಎಂ+ಎಸ್ ಇದ್ದವರನ್ನು ಚಳಿಗಾಲದ ಟೈರು ಎಂದು ಒಪ್ಪುವುದನ್ನೇ ನಿಲ್ಲಿಸಿದರು. ಇನ್ನೊಂದು ಮುದ್ರೆ ಮೂರು ಶಿಖರದ ಬೆಟ್ಟ, ನಡುವೆ ಹಿಮದ ಹರಳು. ಇದಕ್ಕೆ ಪರೀಕ್ಷೆ ಉಂಟು. ಹದವಾಗಿ ಅದುಮಿದ ಹಿಮದ ಮೇಲೆ ಪ್ರಮಾಣದ ಟೈರಿಗಿಂತ ಶೇ. 10ರಷ್ಟಾದರೂ ಹೆಚ್ಚು ಎಳೆತ ತೋರಿಸಬೇಕು. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಈ ಹರಳಿಲ್ಲದ ಟೈರಿನಲ್ಲಿ ಓಡಾಡಿದರೆ ದಂಡ. ಕ್ರಾಸ್‌ಕ್ಲೈಮೇಟ್ 2ರ ಮೈಮೇಲೆ ಹರಳಿದೆ, ಕ್ವೈಟ್‌ಟ್ರ್ಯಾಕ್ ಮೇಲೆ ಇಲ್ಲ. ಸಿರಿವಂತರ ಬಳಗದೊಳಗೇ ಇರುವ ಪಂಕ್ತಿಭೇದ ಇದು, ಬೆಲೆಯ ಚೀಟಿಯಲ್ಲಿ ಕಾಣದು. ಆದರೆ ಇಲ್ಲಿನ ಹರಳಿನ ಪರೀಕ್ಷೆ ಕೂಡ ನೋಡುವುದು ಎಳೆತವನ್ನು, ಹೊರಡುವ ಶಕ್ತಿಯನ್ನು. ನಿಲ್ಲುವುದು, ತಿರುಗುವುದು, ಮಂಜುಗಡ್ಡೆ ಇವೆಲ್ಲ ಸಿಲೆಬಸ್ಸಿನಲ್ಲಿ ಇಲ್ಲ.

ಹೊರಡುವುದಕ್ಕೂ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ನನಗೆ ಕಳೆದ ಜನವರಿಯಲ್ಲಿ ಅರ್ಥವಾಯಿತು. ಮೈನಸ್ 9 ಡಿಗ್ರಿ, ಐ-75 ಹೆದ್ದಾರಿಯಿಂದ ಇಳಿಯುವ ರ‍್ಯಾಂಪು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿ ನನ್ನದು, ಸಿಗ್ನಲ್ಲಿನಲ್ಲಿ ಎಲ್ಲರಿಗಿಂತ ಮೊದಲು ಹೊರಟು ಬೀಗಿದ್ದೆ. ಬ್ರೇಕಿಗೆ ಮಾತ್ರ ಎಲ್ಲ ಕಾರಿಗೂ ನಾಲ್ಕೇ ಚಕ್ರ ಎಂಬುದು ರ‍್ಯಾಂಪಿನ ತುದಿಯಲ್ಲಿ ನೆನಪಾಯಿತು. ಪೆಡಲು ಕಾಲಡಿಯಲ್ಲಿ ಕಟಕಟ ಎಂದು ನಡುಗಿತು, ಕಾರು ಮಳೆಗಾಲದ ಪಾಚಿ ಅಂಗಳದಲ್ಲಿ ಜಾರುವ ಎಮ್ಮೆಯಂತೆ ನಿಧಾನವಾಗಿ, ಬಹಳ ಘನತೆಯಿಂದ, ಸ್ಟಾಪ್ ಫಲಕವನ್ನು ದಾಟಿ ಹಿಮದ ದಿಬ್ಬಕ್ಕೆ ಮೂತಿ ಊರಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹಿಂದೆ ಬಂದ ಹಳೇ ಸಣ್ಣ ಕಾರೊಂದು, ಚಳಿಗಾಲದ ಟೈರು ಹಾಕಿಕೊಂಡಿದ್ದದ್ದು, ಫಲಕದ ಹತ್ತಿರ ಅಚ್ಚುಕಟ್ಟಾಗಿ ನಿಂತು, ನನ್ನನ್ನು ನೋಡಿ, ಹೊರಟುಹೋಯಿತು. ನನ್ನ ಕಾರಿನಲ್ಲಿದ್ದ ತಾವು ಯಾವ ಮನೆತನದವರು ಎಂದು ಇಲ್ಲಿ ಬರೆಯುವುದಿಲ್ಲ. ಉಂಡ ಮನೆಯ ಮಾತು.

ಕಾರು ಯಾಕೆ ನಿಲ್ಲಲಿಲ್ಲ ಎಂಬುದನ್ನು ನನಗೆ ಬಿಡಿಸಿ ಹೇಳಿದ್ದು ಯಾವ ಪತ್ರಿಕೆಯ ಹೋಲಿಕೆಯೂ ಅಲ್ಲ, ಏಪ್ರಿಲಿನಲ್ಲಿ ಬಂದಿಳಿದ ನನ್ನ ಮಾವ. ಮೈಸೂರಿನ ವಿಕ್ರಾಂತ್ ಟೈರ್ಸ್‌ನಲ್ಲಿ ಕೆಲಸ ಮಾಡಿದವರು. ಅದು 1997ರಲ್ಲಿ ಜೆಕೆ ಟೈರ್ ತೆಕ್ಕೆಗೆ ಹೋಯಿತು, ಅವರ ಬಾಯಲ್ಲಿ ಇನ್ನೂ ವಿಕ್ರಾಂತ್ ಆಗಿಯೇ ಇದೆ. ಸೂಟ್‌ಕೇಸು ಇಳಿಸುವ ಮೊದಲೇ ಬಗ್ಗಿ ಟೈರಿಗೆ ಉಗುರು ಊರಿದರು. ನಾನು ಇಲ್ಲಿನ ಪದ್ಧತಿ ತೋರಿಸಿದೆ: ಒಂದು ಸೆಂಟಿನ ನಾಣ್ಯದಲ್ಲಿ ಅಬ್ರಹಾಂ ಲಿಂಕನ್‌ರನ್ನು ತಲೆಕೆಳಗಾಗಿ ತೋಡಿನೊಳಗೆ ಇಳಿಸುವುದು. ನೆತ್ತಿ ಪೂರ್ತಿ ಕಂಡರೆ 2/32 ಇಂಚು ಅಥವಾ ಅದಕ್ಕೂ ಕಡಿಮೆ ಉಳಿದಿದೆ, ಅಂದರೆ ಸುಮಾರು 1.6 ಮಿಲಿಮೀಟರ್, ಟೈರು ಮುಗಿಯಿತು. ಭಾರತದಲ್ಲೂ ಕಾರಿಗೆ ಅಷ್ಟೇ ಮಿತಿ. "ನಮ್ಮಲ್ಲಿ ಗಾಂಧೀಜಿ ನೋಟಿನ ಮೇಲೆ ಇರೋದು ಎಷ್ಟು ಒಳ್ಳೇದಾಯ್ತು" ಎಂದರು ಮಾವ. (ಈ ಅಮೆರಿಕದವರು 2025ರ ನವೆಂಬರಿನಲ್ಲಿ ಆ ನಾಣ್ಯ ಟಂಕಿಸುವುದನ್ನೇ ನಿಲ್ಲಿಸಿದರು. ಇನ್ನು ಟೈರು ನೋಡಲಿಕ್ಕೆಂದು ಒಂದೆರಡು ಎತ್ತಿಟ್ಟುಕೊಳ್ಳಬೇಕು.)

ನನ್ನ ಟೈರಿನಲ್ಲಿ ಲಿಂಕನ್ನರ ಹಣೆ ಮುಚ್ಚಿತ್ತು. ನನಗೆ ಖುಷಿ. ಮಾವ ಗೇಜು ತರಿಸಿ ಇಟ್ಟು ನೋಡಿದರು: 6/32. "ಹೊಸದಾಗಿದ್ದಾಗ ಎಷ್ಟಿತ್ತು?" 10/32. "ಮುಗಿಯೋದು?" 2/32. "ಹಂಗಾದ್ರೆ ಅರ್ಧ ಖಾಲಿ ಅಳಿಯಂದ್ರೇ. ಇನ್ನರ್ಧ ಬೇಸಿಗೇಗೆ ಇಟ್ಕೊಳ್ಳಿ."

ಮಾನ್ಯರೇ, ನಾನು ಹತ್ತೊಂಬತ್ತು ಕಾಲಮ್ಮಿನಲ್ಲಿ ಹಿಡಿಯಲಾಗದ ಸಂಗತಿ ಇದು. ಹಿಮದಲ್ಲಿ ಹಿಡಿತ ಬರುವುದು ತೋಡಿನೊಳಗೆ ಹಿಮವನ್ನು ತುಂಬಿಕೊಂಡು ಅದುಮುವುದರಿಂದ, ಮತ್ತು ಬಟನ್‌ಗಳ ಮೇಲಿನ ಸಣ್ಣ ಸೀಳುಗಳು ಕಚ್ಚುವುದರಿಂದ. ಆ ಸೀಳಿಗೆ ಇಂಗ್ಲಿಷಿನವರು ಸೈಪ್ ಎನ್ನುತ್ತಾರೆ, 1923ರಲ್ಲಿ ಪೇಟೆಂಟ್ ಪಡೆದ ಜಾನ್ ಸೈಪ್ ಎಂಬವನ ಹೆಸರು ಅದು. ಕಸಾಯಿಖಾನೆಯ ಒದ್ದೆ ನೆಲದಲ್ಲಿ ಜಾರದಿರಲು ಅವನು ಬೂಟಿನ ಅಟ್ಟೆಗೆ ಗೀರು ಹಾಕಿಕೊಂಡಿದ್ದನೆಂದು ಕಥೆ ಹೇಳುತ್ತಾರೆ. ತೋಡು ಆಳ ಕಳೆದುಕೊಂಡರೆ, ಸೀಳು ಬುಡ ಮುಟ್ಟಿದರೆ, ಹಿಮಕ್ಕೆ ತಾವು ಬರೀ ಉರುಳುವ ಕಪ್ಪು ಬಳೆ. ಹಿಮಕ್ಕೆ 6/32 ಆದರೂ ಬೇಕು, ಮಳೆಗೆ 4/32 ಬೇಕು ಎಂದು ಟೈರು ಮಾರುವವರೇ ಒಪ್ಪುತ್ತಾರೆ, ಕೇಳಿದರೆ. ಅಂದರೆ ಸವೆತ ಒಂದೇ ಸಮನೆ ಸಾಗಿದರೆ, 60,000 ಮೈಲಿ ವಾರಂಟಿಯ ಟೈರು ಸರ್ವಋತುವಾಗಿ ಬಾಳುವುದು 30,000 ಮೈಲಿ. ಆಮೇಲೆ ಮೂರು ಋತು. ಇನ್ನೂ ಆಮೇಲೆ ಮಳೆಯೂ ಹೋಗಿ ಎರಡು. ಹೆಸರು ಮಾತ್ರ ಪಕ್ಕೆಯ ಮೇಲೆ ಹಾಗೇ ಇರುತ್ತದೆ, ರಿಟೈರಾದ ಮೇಲೂ ಗೇಟಿನಿಂದ ತೆಗೆಯದ ಸಾಹೇಬರ ಬೋರ್ಡಿನಂತೆ.

ಪತ್ರಿಕೆಗಳ ಹೋಲಿಕೆಯಲ್ಲಿ ಇದು ಯಾಕೆ ಕಾಣುವುದಿಲ್ಲ? ಇಂಡಿಯಾನಾದ ಸೌತ್ ಬೆಂಡ್‌ನ ಟೈರ್ ರ‍್ಯಾಕ್‌ನವರು ಐಸ್ ಸ್ಕೇಟಿಂಗ್ ಅಂಗಳಕ್ಕೇ ಕಾರು ಇಳಿಸಿ ನೋಡುವಷ್ಟು ಶ್ರದ್ಧಾವಂತರು. ಅವರ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಆದರೆ ಇಂಥ ಹೋಲಿಕೆಗಳಲ್ಲಿ ಸಾಮಾನ್ಯವಾಗಿ ನಿಲ್ಲುವವರು ಹೊಸ ಟೈರುಗಳು, ಮದುವೆ ದಿನದ ಗಂಡುಗಳು. ನಾವು ಸಂಸಾರ ಮಾಡುವುದು ಮೂರನೇ ವರ್ಷದವರ ಜೊತೆ. ಯುರೋಪಿನಲ್ಲಿ 2024ರ ಜುಲೈಯಿಂದ ಹೊಸ ಮಾದರಿಯ ಕಾರಿನ ಟೈರುಗಳು ಸವೆದ ಸ್ಥಿತಿಯಲ್ಲೂ ಒದ್ದೆ ರಸ್ತೆಯ ಪರೀಕ್ಷೆ ಪಾಸು ಮಾಡಬೇಕೆಂದು ನಿಯಮ ಬಂದಿದೆ. ಇಲ್ಲಿ ಲಿಂಕನ್ನರ ಹಣೆಯೇ ಗತಿ.

ತಮ್ಮ ಬಳಗದಲ್ಲಿ ಒಬ್ಬರನ್ನು ಮಾತ್ರ ನಾನು ಎದ್ದು ನಿಂತು ಗೌರವಿಸುತ್ತೇನೆ. ಕಾಂಟಿನೆಂಟಲ್‌ನ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಡಿಡಬ್ಲ್ಯುಎಸ್ 06 ಪ್ಲಸ್. ಇವರ ಮೈಮೇಲೆ ಹಿಮದ ಹರಳಿಲ್ಲ, ವಾರಂಟಿಯೂ 50,000 ಮೈಲಿಯೇ. ಆದರೆ ತುಳಿಯುವ ಮೈಯಲ್ಲೇ ಡಿ, ಡಬ್ಲ್ಯು, ಎಸ್ ಎಂದು ಮೂರು ಅಕ್ಷರ ಕೊರೆದಿರುತ್ತದೆ: ಒಣ, ಒದ್ದೆ, ಹಿಮ. ಸವೆದ ಹಾಗೆ ಮೊದಲು ಎಸ್ ಅಳಿಸುತ್ತದೆ, ಆಮೇಲೆ ಡಬ್ಲ್ಯು. ಹಿಮ ನನ್ನಿಂದ ಇನ್ನಾಗದು ಎಂದು ತಾನೇ ಹೇಳುವ ಟೈರು! ಇಷ್ಟು ನಾಚಿಕೆಯುಳ್ಳವರನ್ನು ನಾನು ಮನುಷ್ಯರಲ್ಲೂ ಹೆಚ್ಚು ಕಂಡಿಲ್ಲ. ಎಲ್ಲ ಹೋಲಿಕೆಗಳಲ್ಲಿ ಈ ಅಕ್ಷರಕ್ಕೆ ಹತ್ತು ಅಂಕ ಮೀಸಲಿಟ್ಟರೆ ಸರದಿ ಸಾಲು ಬೇರೆಯೇ ಆದೀತು. ಓದುವವರಿಗೆ ನನ್ನ ಸಲಹೆ ಇಷ್ಟೇ: ಹಿಮ ತೀರಾ ಅಪರೂಪವಾದ ಫ್ಲಾರಿಡಾದಲ್ಲಿ ಮೌನದ ಟೈರು ಕೊಳ್ಳಿ, ವರ್ಷಕ್ಕೆ ನಾಲ್ಕು ದಿನ ಹಿಮ ಬೀಳುವ ಊರಿನಲ್ಲಿ ಹರಳಿನ ಟೈರು ಕೊಂಡು ಅರ್ಧ ಸವೆದಾಗ ಬದಲಿಸಿ. ನಮ್ಮಂಥ ಊರಿಗೆ ಒಂದೇ ಟೈರು ಸಾಕೆಂಬ ಮಾತನ್ನು ನಾನು ಇನ್ನು ನಂಬುವುದಿಲ್ಲ.

ಈ ದಿನ ಬೆಳಿಗ್ಗೆ ಗೇಜು ಇಟ್ಟಾಗ ತಮ್ಮಲ್ಲಿ ಉಳಿದಿದ್ದದ್ದು 5/32. ನಾಲ್ಕು ಚಳಿಗಾಲದ ಟೈರಿಗೆ ಹಣ ಕಟ್ಟಿ ಬಂದಿದ್ದೇನೆ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಿಚ್ಚಿ ಹಾಕುತ್ತಾರೆ. ಏಪ್ರಿಲ್ ಬರುವವರೆಗೆ ತಾವು ನಾಲ್ವರೂ ಗರಾಜಿನ ಮೂಲೆಯಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕ, ಒಬ್ಬರ ಮೇಲೊಬ್ಬರು ಮಲಗಿ ವಿಶ್ರಾಂತಿ ಪಡೆಯಬೇಕಾಗಿ ವಿನಂತಿ.

ಇತಿ,
ತಮ್ಮ ಹಿಡಿತದಿಂದ ಒಮ್ಮೆ ಜಾರಿದವ