ಕುದುರೆಯಪ್ಪ

ಕ್ರಿಕೆಟ್ ಅಪ್ಪಂದಿರನ್ನು ನೀವು ನೋಡಿದ್ದೀರಿ, ಭರತನಾಟ್ಯದ ಅಮ್ಮಂದಿರನ್ನೂ ಬಲ್ಲಿರಿ. ಕುದುರೆಯಪ್ಪ ಈಚಿನ ತಳಿ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಫೌವಾದ್ ಮಿರ್ಜಾ ಕುದುರೆ ಸವಾರಿಯಲ್ಲಿ ಎರಡು ಬೆಳ್ಳಿ ಪದಕ ಗೆದ್ದದ್ದೇ ತಡ, ಇವರ ತಲೆಗೆ ಹುಳ ಹೊಕ್ಕಿತು. ಮಗಳನ್ನು ಸವಾರಿ ಶಾಲೆಗೆ ಸೇರಿಸಿದರು.

ಇವರು ಬಳ್ಳಾರಿ ಪಕ್ಕದ ಕೊಳಗಲ್ಲಿನವರು. ಬೆಂಗಳೂರಲ್ಲಿ ನೌಕರಿ, ಭಾನುವಾರ ತಪ್ಪದೆ ಆರಾಧನೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರಲು ಕೂತದ್ದು ಇವರ ಬಾಯಲ್ಲಿ ಮನೆಯ ಸಮಾಚಾರದಂತೆ ಬರುತ್ತದೆ. ಪೌಲ ದಮಸ್ಕದ ದಾರಿಯಲ್ಲಿ ಕುದುರೆಯಿಂದ ಬಿದ್ದ ಕಥೆಯನ್ನೂ ಹೇಳುತ್ತಾರೆ. ಅಪೊಸ್ತಲರ ಕೃತ್ಯಗಳಲ್ಲಿ ಪೌಲ ಬೀಳುವುದು ನಿಜ, ಕುದುರೆ ಮಾತ್ರ ಎಲ್ಲೂ ಇಲ್ಲ. ಹೇಳಿ ಅವರ ಸಂತೋಷ ಯಾಕೆ ಕೆಡಿಸಲಿ?

ಅವರ ಟೀ ಶರ್ಟಿನ ಬೆನ್ನ ಮೇಲೆ ಜ್ಞಾನೋಕ್ತಿ 21:31 ಅಂತ ದಪ್ಪಕ್ಷರದಲ್ಲಿ ಇದೆ. ಕುದುರೆಯನ್ನು ನಾವು ಅಣಿ ಮಾಡಬಹುದು, ಗೆಲುವು ದೇವರ ಕೈಯಲ್ಲಿದೆ ಎಂಬರ್ಥದ ವಾಕ್ಯ. ಅದೇ ಪುಸ್ತಕದಲ್ಲಿ ಮೂರು ಅಧ್ಯಾಯ ದಾಟಿದರೆ, ಎದುರಾಳಿ ಬಿದ್ದಾಗ ಹಿಗ್ಗಬೇಡ ಎನ್ನುವ 24:17 ಇದೆ. ಅಲ್ಲಿಯವರೆಗೆ ಇವರ ಓದು ಇನ್ನೂ ಬಂದಿಲ್ಲ. ಬೇರೆ ಹುಡುಗನ ಕುದುರೆ ಬೇಲಿಯ ಮುಂದೆ ಮುಷ್ಕರ ಹೂಡಿದಾಗ "ಅಯ್ಯೋ ಪಾಪ" ಅನ್ನುತ್ತಾರೆ. ಮುಖ ಮಾತ್ರ ಸ್ತೋತ್ರ ಹೇಳುತ್ತಿರುತ್ತದೆ.

ಜಿಗಿತದ ಸ್ಪರ್ಧೆಯಲ್ಲಿ ಗಂಟೆ ಹೊಡೆದ ಮೇಲೆ ಸವಾರರಿಗೆ 45 ಸೆಕೆಂಡು. ಅಷ್ಟರಲ್ಲಿ ಗೆರೆ ದಾಟದಿದ್ದರೆ ಗಡಿಯಾರ ತಾನೇ ಓಡತೊಡಗುತ್ತದೆ. ನಮ್ಮವರ ಪ್ರಾರ್ಥನೆಗೆ ಇದು ಎಲ್ಲಿ ಸಾಲಬೇಕು? ಅವರು ಆದಿಕಾಂಡದಿಂದ ಹೊರಟು ಕೆಂಪು ಸಮುದ್ರ ದಾಟುವ ಹೊತ್ತಿಗೆ ಮಗಳು ಮೂರನೇ ಬೇಲಿ ಹಾರಿರುತ್ತಾಳೆ. ಆಮೇಲೆ ಕಣ್ಣು ಬಿಟ್ಟು "ಲಗಾಮು ಸಡಿಲಬಿಡು" ಎಂದು ಕೂಗುತ್ತಾರೆ. ಹೊರಗಿನವರ ನೆರವು ಪಡೆದ ಸವಾರನನ್ನು ಕಣದಿಂದ ಹೊರಗಿಡುವ ನಿಯಮವಿದೆ ಎಂದು ಕೋಚ್ ಬಂದು ಗದರಿಸಿದರು. "ದೇವರ ನೆರವೂ ಹೊರಗಿನದೇನ್ರೀ?" ಎಂದು ಇವರು ಕೇಳಿಯೇಬಿಟ್ಟರು. ಕೋಚ್ ಬೆಪ್ಪಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಗೆದ್ದಾಗ ಎಲ್ಲ ಮಹಿಮೆ ದೇವರಿಗೆ. ಚರ್ಚಿನಲ್ಲಿ ಎದ್ದು ನಿಂತು ಸಾಕ್ಷಿ ಹೇಳುತ್ತಾರೆ, ಕಾಣಿಕೆ ಹಾಕುತ್ತಾರೆ. ಸೋತಾಗ ದೇವರನ್ನು ಬಿಟ್ಟು ಜಡ್ಜ್ ಹತ್ತಿರ ಹೋಗುತ್ತಾರೆ.

ಆ ದಿನ ಕೊನೆಯ ಬೇಲಿ. ಕುದುರೆಯ ಹಿಂಗಾಲು ಮೇಲಿನ ಕೋಲಿಗೆ ತಾಗಿತು. ತಾಗಿದರೆ ತಪ್ಪಿಲ್ಲ, ಬಿದ್ದರೆ ನಾಲ್ಕು ತಪ್ಪು. ಕೋಲು ಬಟ್ಟಲಿನಲ್ಲಿ ಒಮ್ಮೆ ಕುಣಿಯಿತು, ಹೋಗಲೋ ಇರಲೋ ಎಂದು ಯೋಚಿಸಿತು, ಧೊಪ್ಪನೆ ಬಿತ್ತು. "ಗಾಳಿಗೆ ಬಿತ್ತು!" ಎಂದರು ಕುದುರೆಯಪ್ಪ. ಎಲೆ ಅಲ್ಲಾಡುತ್ತಿರಲಿಲ್ಲ. ತಕರಾರು ಕೊಡಲು ಠೇವಣಿ ಕಟ್ಟಬೇಕೆಂದು ತಿಳಿದಾಗ, ಅದನ್ನು ಈ ತಿಂಗಳ ದಶಮಾಂಶದಲ್ಲಿ ವಜಾ ಮಾಡಬಹುದೇ ಎಂದು ಲೆಕ್ಕ ಹಾಕಿದರು. ಅಷ್ಟರಲ್ಲಿ ಮಗಳು ಕುದುರೆಯ ಕತ್ತು ತಟ್ಟಿ, ಮೊದಲು ಬಂದ ಹುಡುಗಿಯ ಕೈ ಕುಲುಕಿ, ಹೆಲ್ಮೆಟ್ ತೆಗೆಯುತ್ತಾ ಬಂದಳು. "ಪಪ್ಪಾ, ಕೋಲು ನಾನೇ ಬೀಳಿಸಿದ್ದು. ಬೇಗ ಜಿಗಿಸಿಬಿಟ್ಟೆ, ಪಾಪ, ಅದರದ್ದೇನೂ ತಪ್ಪಿಲ್ಲ." ಅವಳ ಟೀ ಶರ್ಟಿನ ಮೇಲೆ ಯಾವ ವಾಕ್ಯವೂ ಇರಲಿಲ್ಲ.

ಕ್ರಿಸ್‌ಮಸ್ಸಿಗೆ ಊರಿಗೆ ಹೋದಾಗ ಈ ಅನ್ಯಾಯವನ್ನು ಅವ್ವನ ಮುಂದೆ ಬಿಚ್ಚಿದರಂತೆ.

"ಹುಡುಗಿ ಬಿದ್ಲೇನು?"

"ಇಲ್ಲವ್ವಾ."

"ಕುದ್ರಿ ಬಿತ್ತೇನು?"

"ಇಲ್ಲ, ಕಟಿಗಿ ಬಿತ್ತು."

"ಕಟಿಗಿ ಬಿದ್ರ ಒಲಿಗೆ ಹಾಕ್ಕಂಬೋದು ಬಿಡು."

ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ತೀರಿಹೋದ ಸುದ್ದಿಯನ್ನು 967ರಲ್ಲಿ ಕಲ್ಲಿನ ಮೇಲೆ ಬರೆಸಿ ಸುಮ್ಮನಾದ ಊರು ಕೊಳಗಲ್ಲು. ಆ ಊರಿನ ಮಗನಿಗೆ ನಾಲ್ಕು ತಪ್ಪು ನುಂಗಲಾಗುತ್ತಿಲ್ಲ.

ನೀವೇನಾದರೂ ಮಕ್ಕಳ ಸವಾರಿ ಸ್ಪರ್ಧೆ ನೋಡಲು ಹೋದರೆ ಅಪ್ಪಂದಿರ ಸಾಲಿನಲ್ಲಿ ಕೂರಬೇಡಿ. ಸವಾರಿ ಮುಗಿಸಿದ ಮಕ್ಕಳು ಕುದುರೆಗೆ ನೀರು ಕುಡಿಸುವ ಕಡೆ ಹೋಗಿ ನಿಲ್ಲಿ, ಯಾರು ಗೆದ್ದರೆಂದು ಅಲ್ಲಿ ಗುರುತಿಸುವುದು ಕಷ್ಟ.